ಒರೆಯೂ ಒರೆಗಲ್ಲೂ

ಆಯುಧಗಳಲ್ಲಿ ಎರಡು ಜಾತಿ. ಹೊಡೆಯುವುದಕ್ಕೆಂದು ಮಾಡಿದವು ಕೆಲವು. ತೊಟ್ಟು ಮೆರೆಯುವುದಕ್ಕೆಂದು ಮಾಡಿದವು ಕೆಲವು. ಮದುವೆಯ ದಿನ ಕೊಡವ ವರನ ನಡುವಿನಲ್ಲಿ ಹೊಳೆಯುವ ಪೀಚೆಕತ್ತಿಯನ್ನು ಕಂಡವರಿಗೆ ಈ ಎರಡನೆಯ ಜಾತಿಯ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಅದರ ಕೆಲಸ ಯಾರನ್ನೂ ಇರಿಯುವುದಲ್ಲ. ತೊಟ್ಟವನು ಯಾರು, ಯಾವ ಸಂದರ್ಭದಲ್ಲಿ ನಿಂತಿದ್ದಾನೆ ಎಂಬುದನ್ನು ನಾಲ್ಕು ಜನಕ್ಕೆ ತಿಳಿಸುವುದು. ನಾನು ಇಲ್ಲಿ ಹೇಳಹೊರಟಿರುವುದೂ ಅಂಥದೇ ಜಾತಿಯ ಆಯುಧದ ವಿಷಯ. ಆದರೆ ಅದರ ಊರು ಬೇರೆ, ಕಾಲ ಬೇರೆ, ಅದು ಆಡುವ ಮಾತಂತೂ ತೀರ ಬೇರೆ. ಹಿಟ್ಲರನ ಜರ್ಮನಿಯಲ್ಲಿ ಸೈನ್ಯಾಧಿಕಾರಿಗಳೂ ಪಕ್ಷದ ಕಾರ್ಯಕರ್ತರೂ ಸೊಂಟಕ್ಕೆ ತೂಗಹಾಕಿಕೊಂಡು ಮೆರೆದ ಬಾಕುಗಳ ವಿಷಯ ಅದು.

ಈ ವಿಷಯ ಇಂದು ನಮಗೇಕೆ ಎಂದು ಓದುಗರು ಕೇಳಬಹುದು. ಯುದ್ಧ ಮುಗಿದು ಎಂಬತ್ತು ವರ್ಷಗಳಾದರೂ ಈ ಬಾಕುಗಳ ವ್ಯಾಪಾರ ಮುಗಿದಿಲ್ಲ. ಅಮೆರಿಕ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಇವನ್ನು ಸಂಗ್ರಹಿಸುವವರು ಬಹುಮಂದಿ. ಇವನ್ನು ಕುರಿತ ಗ್ರಂಥಗಳಿವೆ, ಹರಾಜುಗಳಿವೆ, ಇವುಗಳ ಜಾತಕವನ್ನು ಬರೆದುಕೊಡುವ ಪಂಡಿತರಿದ್ದಾರೆ. ಆ ಪಂಡಿತರ ಕಣ್ಣಿಗೇ ಮಣ್ಣೆರಚುವ ನಕಲುಗಾರರೂ ಇದ್ದಾರೆ. ನಾನು ಸಂಗ್ರಾಹಕನಲ್ಲ, ಇಂಥ ಒಂದು ವಸ್ತುವನ್ನೂ ಹಣ ಕೊಟ್ಟು ಕೊಂಡವನಲ್ಲ. ಪಾಠ ಹೇಳುವ ವೃತ್ತಿಯಲ್ಲಿದ್ದು ಬಿಡುವಿನಲ್ಲಿ ಹಳೆಯ ಶಾಸನಗಳನ್ನು ಓದುತ್ತ ಬಂದವನು. ಆ ಹವ್ಯಾಸವೇ ನನ್ನನ್ನು ಇವುಗಳ ಬಳಿಗೆ ಕರೆತಂದಿತು. ತಾಮ್ರಶಾಸನವೊಂದು ಕೈಗೆ ಬಂದಾಗ ಅದರಲ್ಲಿ ಬರೆದುದನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಲಿಪಿ ಯಾವ ಶತಮಾನದ್ದು, ಭಾಷೆ ಅದಕ್ಕೆ ಹೊಂದುತ್ತದೆಯೆ, ತಿಥಿವಾರಗಳು ಕೂಡಿಬರುತ್ತವೆಯೆ, ಲೋಹವೂ ಮುದ್ರೆಯೂ ಏನು ಹೇಳುತ್ತವೆ ಎಂದು ಒಂದೊಂದಾಗಿ ವಿಚಾರಿಸಬೇಕು. ಗಂಗರ ತಾಮ್ರಶಾಸನಗಳಲ್ಲಿ ಹಲವನ್ನು ಫ್ಲೀಟ್ ಮಹಾಶಯರು ಕೂಟಶಾಸನಗಳೆಂದು ತಳ್ಳಿಹಾಕಿದಾಗ ಎದ್ದ ವಾದವಿವಾದಗಳನ್ನು ನಮ್ಮ ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಉಕ್ಕಿನ ಅಲಗಿನ ಮೇಲಿನ ಬರಹಕ್ಕೂ ಅದೇ ನ್ಯಾಯ.

ಕನ್ನಡದಲ್ಲಿ ‘ಒರೆ’ ಎಂಬ ಮಾತಿಗೆ ಕತ್ತಿಯ ಕೋಶ ಎಂಬ ಅರ್ಥವೂ ಉಂಟು. ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುವುದು ಎಂಬ ಅರ್ಥವೂ ಉಂಟು. ಈ ಬಾಕುಗಳ ವಿಷಯದಲ್ಲಿ ಎರಡು ಅರ್ಥಗಳೂ ಬೇಕಾಗುತ್ತವೆ. ಒರೆಯಿಂದ ಹಿರಿದುದನ್ನು ಒರೆಗೆ ಹಚ್ಚದೆ ನಂಬತಕ್ಕದ್ದಲ್ಲ.

ಅಲಗುಗಳ ಊರು

ಜರ್ಮನಿಯ ಪಶ್ಚಿಮ ಭಾಗದಲ್ಲಿ ವುಪರ್ ಎಂಬ ಚಿಕ್ಕ ನದಿಯ ಮಗ್ಗುಲಿಗೆ ಸೋಲಿಂಗೆನ್ ಎಂಬ ಊರಿದೆ. ಮಧ್ಯಯುಗದಿಂದಲೂ ಅದು ಕತ್ತಿಗಳ ಊರು. ಅಲಗನ್ನು ಬಡಿಯುವವರದು ಒಂದು ಪಂಗಡ, ಹದಮಾಡಿ ಸಾಣೆ ಹಿಡಿಯುವವರದು ಒಂದು ಪಂಗಡ, ಹಿಡಿ ಕೂಡಿಸಿ ಪೂರ್ತಿಗೊಳಿಸುವವರದು ಇನ್ನೊಂದು. ಹೀಗೆ ಕಸುಬು ಹಂಚಿಹೋಗಿದ್ದಿತು. ನದಿಯ ನೀರು ಚಕ್ರಗಳನ್ನು ತಿರುಗಿಸುತ್ತಿತ್ತು. ಚಕ್ರಗಳು ಸಾಣೆಕಲ್ಲುಗಳನ್ನು ತಿರುಗಿಸುತ್ತಿದ್ದುವು. ನಮ್ಮ ಹಿಂದಿನ ತಲೆಮಾರಿನ ಕ್ಷೌರಿಕರ ಪೆಟ್ಟಿಗೆಗಳಲ್ಲಿಯೂ ಈ ಊರಿನ ಹೆಸರು ಕೊರೆದ ಕತ್ತಿ ಇರುತ್ತಿದ್ದುದುಂಟು. ಆ ಹೆಸರಿಗಿದ್ದ ಬೆಲೆ ಎಷ್ಟೆಂದರೆ, ಹೊರಗಿನವರು ತಮ್ಮ ಸರಕಿನ ಮೇಲೆ ಅದನ್ನು ಬಳಸದಂತೆ 1938ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಈ ಊರಿಗೆ 1930ರ ಸುಮಾರಿನಲ್ಲಿ ಕಷ್ಟಕಾಲ ಬಂದಿತು. ಜಗತ್ತನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟಿನಲ್ಲಿ ಕತ್ತಿ ಕೊಳ್ಳುವವರು ಕಡಿಮೆಯಾದರು. ಸಾಣೆಯ ಚಕ್ರಗಳು ನಿಂತುವು. ಹಿಟ್ಲರನು 1933ರ ಜನವರಿಯಲ್ಲಿ ಅಧಿಕಾರಕ್ಕೆ ಬಂದನು. ಅದೇ ವರ್ಷದ ಕೊನೆಗೆ ಅವನ ಪಕ್ಷದ ಕಂದು ಅಂಗಿಯ ದಳವಾದ ಎಸ್.ಎ.ಗೂ ಕಪ್ಪು ಅಂಗಿಯ ಎಸ್.ಎಸ್.ಗೂ ಬಾಕು ಧರಿಸುವ ಅಪ್ಪಣೆಯಾಯಿತು. ಹದಿನಾರನೆಯ ಶತಮಾನದ ಸ್ವಿಸ್ ಬಾಕೊಂದರ ಆಕಾರವನ್ನು ಇದಕ್ಕೆ ಆರಿಸಿಕೊಂಡರು. ಬಾಸೆಲ್ಲಿನಲ್ಲಿ ಬಾಳಿದ ಹೋಲ್ಬೈನ್ ಎಂಬ ಚಿತ್ರಕಾರನ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಎಸ್.ಎ. ಬಾಕಿಗೆ ಕಂದು ಮರದ ಹಿಡಿ. ಅಲಗಿನ ಮೇಲೆ ‘ಎಲ್ಲವೂ ಜರ್ಮನಿಗಾಗಿ’ ಎಂಬರ್ಥದ ‘ಆಲ್ಲೆಸ್ ಫ್ಯೂರ್ ಡಾಯ್ಚ್‌ಲಾಂಟ್’ ಎಂಬ ಬರಹ. ಎಸ್.ಎಸ್. ಬಾಕಿಗೆ ಕಪ್ಪು ಹಿಡಿ; ನಿಷ್ಠೆಯೇ ನನ್ನ ಮಾನ ಎಂಬ ಘೋಷಣೆ. ಭೂಸೇನೆಯ ಅಧಿಕಾರಿಗಳಿಗೆ 1935ರಲ್ಲಿ, ವಾಯುಪಡೆಗೆ ಅದೇ ಸುಮಾರಿನಲ್ಲಿ ಒಂದು ಮಾದರಿಯೂ 1937ರಲ್ಲಿ ಮತ್ತೊಂದೂ ಬಂದುವು. ನೌಕಾಪಡೆಯಲ್ಲಿ ಬಾಕಿನ ಸಂಪ್ರದಾಯ ಮೊದಲೇ ಇದ್ದಿತು. 1938ರಲ್ಲಿ ಅದರ ಹಿಡಿಯ ತಲೆಯ ಮೇಲೆ ರೆಕ್ಕೆ ಮಡಚಿದ ಹದ್ದು ಬಂದು ಕುಳಿತಿತು. ಸೋಲಿಂಗೆನ್ನಿನ ಕಾರ್ಖಾನೆಗಳಿಗೆ ಕೈತುಂಬ ಕೆಲಸ ಸಿಕ್ಕಿತು. ಹಸಿದ ಕುಶಲಕರ್ಮಿಗೆ ಅನ್ನ ದೊರೆತುದು ಸುಳ್ಳಲ್ಲ. ಆ ಅನ್ನದ ಋಣ ಯಾರಿಗೆ ಸಂದಿತೆಂಬುದೂ ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡೇ ಬಾಕನ್ನು ಕೈಗೆತ್ತಿಕೊಳ್ಳಬೇಕು.

ಗುರುತಿಸುವ ಬಗೆ

ಮೊದಲು ನೋಡತಕ್ಕದ್ದು ಅದು ಯಾರ ಬಾಕು ಎಂಬುದನ್ನು. ಭೂಸೇನೆಯ ಬಾಕಿನ ಅಡ್ಡಪಟ್ಟಿಯ ಮೇಲೆ ರೆಕ್ಕೆ ಚಾಚಿದ ಹದ್ದು ಇರುತ್ತದೆ. ಗುಬುಟಿನ ಸುತ್ತ ಓಕ್ ಮರದ ಎಲೆಗಳು. ಹಿಡಿ ಸಾಮಾನ್ಯವಾಗಿ ಮರದ ಮೇಲೆ ಸೆಲ್ಯುಲಾಯ್ಡ್ ಹೊದಿಸಿದುದು. ಬಿಳಿಯಿಂದ ಹಿಡಿದು ಮಾಗಿದ ಕಿತ್ತಳೆಯವರೆಗೆ ಅದರ ಬಣ್ಣ. ಅಲಗು ಬಹುಮಟ್ಟಿಗೆ ಬರಿದು; ಘೋಷಣೆ ಇರುವುದಿಲ್ಲ. ವಾಯುಪಡೆಯ ಎರಡನೆಯ ಮಾದರಿಯಲ್ಲಿ ಹದ್ದು ಹಾರುವ ಭಂಗಿಯಲ್ಲಿರುತ್ತದೆ. ನೌಕಾಪಡೆಯ ಬಾಕು ಹಿತ್ತಾಳೆಯದು, ಚಿನ್ನದ ನೀರು ಹಾಕಿದುದು. ಅಲಗಿನ ಮೇಲೆ ಲಂಗರು, ಹಾಯಿಹಡಗು ಮೊದಲಾದ ಚಿತ್ರಗಳನ್ನು ಆಮ್ಲದಿಂದ ಕೊರೆದಿರುತ್ತಾರೆ. ಭೂಸೇನೆಯ ಬಾಕೆಂದು ಹೇಳಿ ಪಕ್ಷದ ಘೋಷಣೆ ಕೊರೆದ ಅಲಗನ್ನು ಯಾರಾದರೂ ತೋರಿಸಿದರೆ, ಹೊಯ್ಸಳರ ಲಿಪಿಯಲ್ಲಿ ಬರೆದ ಕದಂಬರ ಶಾಸನವನ್ನು ಕಂಡಷ್ಟೇ ಎಚ್ಚರದಿಂದ ಇರಬೇಕು.

ಎರಡನೆಯದು ತಯಾರಕರ ಮುದ್ರೆ. ಹಿಡಿಗೆ ಸಮೀಪದಲ್ಲಿ ಅಲಗಿನ ಮೇಲೆ ಅದು ಇರುತ್ತದೆ. ಕಾರ್ಲ್ ಐಕ್‌ಹಾರ್ನ್ ಸಂಸ್ಥೆಯದು ಕತ್ತಿ ಹಿಡಿದ ಅಳಿಲು. ಕ್ಲಾಸ್ ಸಂಸ್ಥೆಯದು ಜೋಡಿ ಕೊಕ್ಕರೆ. ಹೆಲ್ಲರ್ ಎಂದು ಓದಿಬಿಡಬಹುದಾದ ಹ್ಯೋಲರ್ ಸಂಸ್ಥೆಯದು ಉಷ್ಣಮಾಪಕ. ವೈಯರ್ಸ್‌ಬರ್ಗ್ ಕಿರ್ಶ್‌ಬಾಮ್ ಸಂಸ್ಥೆಯದು ಶಿರಸ್ತ್ರಾಣ ತೊಟ್ಟ ಯೋಧನ ತಲೆ. ಒಂದೇ ಸಂಸ್ಥೆ ಕಾಲಕಾಲಕ್ಕೆ ತನ್ನ ಮುದ್ರೆಯನ್ನು ತಿದ್ದಿಕೊಂಡಿರುವುದರಿಂದ ಅಳಿಲು ಹೇಗೆ ಕುಳಿತಿದೆ ಎಂಬುದರಿಂದಲೇ ಬಾಕಿನ ವಯಸ್ಸನ್ನು ಊಹಿಸಬಲ್ಲವರಿದ್ದಾರೆ. ಪಕ್ಷದ ಸರಕುಗಳ ಮೇಲ್ವಿಚಾರಣೆಗೆ ಮ್ಯೂನಿಕ್‌ನಲ್ಲಿ ಒಂದು ಕಚೇರಿ ಇದ್ದಿತು. ಅದರ ಹೆಸರಿನ ಮೊದಲಕ್ಷರಗಳು ಆರ್.ಝಡ್.ಎಂ. ಸುಮಾರು 1935–36ರಿಂದ ಪಕ್ಷದ ಬಾಕುಗಳ ಮೇಲೆ ಈ ಅಕ್ಷರಗಳೂ ‘ಎಂ 7’ ಎಂದು ಮೊದಲಾಗುವ ಒಂದು ಸಂಖ್ಯೆಯೂ ಬರತೊಡಗಿದುವು. ‘ಎಂ 7/66’ ಎಂದರೆ ಐಕ್‌ಹಾರ್ನ್. ಕೆಲವು ಕಾಲ ಎರಡು ಮುದ್ರೆಗಳೂ ಜೊತೆಯಾಗಿ ಇದ್ದುವು. ಬಳಿಕ ಅಳಿಲು, ಕೊಕ್ಕರೆಗಳು ಮರೆಯಾಗಿ ಸಂಖ್ಯೆ ಮಾತ್ರ ಉಳಿಯಿತು. ಈ ಕಚೇರಿಗೂ ಸೈನ್ಯದ ಬಾಕುಗಳಿಗೂ ಸಂಬಂಧವಿಲ್ಲ. ಸೈನ್ಯಾಧಿಕಾರಿ ತನ್ನ ಬಾಕನ್ನು ಅಂಗಡಿಯಲ್ಲಿ ತಾನೇ ಕೊಳ್ಳುತ್ತಿದ್ದನು. ಆದುದರಿಂದ ಭೂಸೇನೆಯ ಬಾಕಿನ ಮೇಲೆ ಆರ್.ಝಡ್.ಎಂ. ಕಂಡರೆ ಕೊಳ್ಳುವವನು ತನ್ನ ಕೈಚೀಲವನ್ನು ಭದ್ರಮಾಡಿಕೊಳ್ಳುವುದು ಲೇಸು.

ಮೂರನೆಯದು ಲೋಹ. ಮೊದಮೊದಲ ಎಸ್.ಎ. ಬಾಕುಗಳ ಅಡ್ಡಪಟ್ಟಿಗಳು ಜರ್ಮನ್ ಸಿಲ್ವರಿನವು. ನಮ್ಮ ಮನೆಗಳ ಲೋಟ ತಟ್ಟೆಗಳಿಂದ ಈ ಹೆಸರು ನಮಗೆ ಪರಿಚಿತವೇ. ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ, ಹೆಸರಿನಲ್ಲಲ್ಲದೆ ಅದರಲ್ಲಿ ಬೆಳ್ಳಿಯಿಲ್ಲ. ಯುದ್ಧದ ಸಿದ್ಧತೆ ಹೆಚ್ಚಿದಂತೆ ಒಳ್ಳೆಯ ಲೋಹ ಬೇರೆ ಕೆಲಸಗಳಿಗೆ ಹೋಯಿತು. ಬಾಕಿಗೆ ಉಳಿದುದು ಮೇಲೆ ತೆಳುವಾಗಿ ನಿಕ್ಕಲ್ ಬಳಿದ ಸತು. ಕಾಲ ಕಳೆದಂತೆ ಸತು ಬೂದುಬಣ್ಣಕ್ಕೆ ತಿರುಗಿ ಗುಳ್ಳೆಗಟ್ಟುತ್ತದೆ. 1934ರ ಬಾಕೆಂದು ಹೇಳಿದುದರಲ್ಲಿ ಸತುವಿನ ಭಾಗಗಳು ಕಂಡರೆ, ಅಲಗು ಒಂದು ಬಾಕಿನದು, ಹಿಡಿ ಇನ್ನೊಂದರದು ಎಂದು ತಿಳಿಯಬೇಕು. 1943ರ ವೇಳೆಗೆ ಅಲಂಕಾರದ ಬಾಕುಗಳ ತಯಾರಿಕೆಯೇ ನಿಂತುಹೋಯಿತು. ಒಂದು ರಾಜ್ಯ ತನ್ನ ಆಡಂಬರವನ್ನು ಎಷ್ಟರಮಟ್ಟಿಗೆ ಕೊಳ್ಳಬಲ್ಲದು ಎಂಬುದನ್ನು ಆ ಅಡ್ಡಪಟ್ಟಿಯ ಲೋಹ ವರ್ಷವರ್ಷಕ್ಕೂ ಬರೆದಿಟ್ಟಿದೆ.

ನಾಲ್ಕನೆಯದು ಕೈಗೆಲಸ. ಆ ಊರಿನ ಕಸುಬುದಾರನು ಹಿಡಿಯ ಮರವನ್ನು ಅಡ್ಡಪಟ್ಟಿಗೆ ಎಷ್ಟು ಹತ್ತಿರವಾಗಿ ಕೂಡಿಸುತ್ತಿದ್ದನೆಂದರೆ ನಡುವೆ ಉಗುರು ಹೋಗದು. ನಕಲಿನಲ್ಲಿ ಅಲ್ಲಿ ಸಂದು ಕಾಣುತ್ತದೆ. ಅಸಲಿನ ಮೇಲೆ ಅಚ್ಚು ತೆಗೆದು ಅದರಲ್ಲಿ ಹೊಸ ಲೋಹ ಎರೆದರೆ, ಆರಿದ ಮೇಲೆ ಎರಕವು ಕೂದಲೆಳೆಯಷ್ಟು ಕುಗ್ಗುತ್ತದೆ. ಹದ್ದಿನ ಗರಿಗಳೂ ಓಕ್ ಎಲೆಯ ನರಗಳೂ ಮಂಕಾಗುತ್ತವೆ. ಭೂತಗನ್ನಡಿ ಹಿಡಿದರೆ ಈ ಮಬ್ಬು ತಪ್ಪದೆ ಕಾಣುತ್ತದೆ. ಹಿಡಿಯ ಕುತ್ತಿಗೆಗೆ ಕಟ್ಟುವ ಕುಚ್ಚನ್ನು ನೇರಳಾತೀತ ಬೆಳಕಿನಲ್ಲಿ ಹಿಡಿದು ನೋಡುವವರೂ ಉಂಟು. ದಾರ ನೀಲಿಯಾಗಿ ಬೆಳಗಿದರೆ ಅದು ಯುದ್ಧಾನಂತರದ ನೂಲೆಂಬ ಅನುಮಾನಕ್ಕೆ ಎಡೆಯಾಗುತ್ತದೆ. ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದುದು ಯುದ್ಧವಾದ ಮೇಲೆ.

ನಕಲುಗಳ ಕಥೆಯೂ ಸೋಲಿಂಗೆನ್ನಿನಲ್ಲಿಯೇ ಪ್ರಾರಂಭವಾಗುತ್ತದೆ. 1944ರ ನವೆಂಬರಿನಲ್ಲಿ ಬ್ರಿಟಿಷ್ ವಿಮಾನಗಳು ಆ ಊರಿನ ಹಳೆಯ ಪೇಟೆಯನ್ನು ಸುಟ್ಟುವು. 1945ರ ಏಪ್ರಿಲಿನಲ್ಲಿ ಅಮೆರಿಕದ ಸೈನ್ಯ ಒಳಹೊಕ್ಕಿತು. ಸಿಪಾಯಿಗಳಿಗೆ ಮನೆಗೆ ಕೊಂಡೊಯ್ಯಲು ನೆನಪಿನ ವಸ್ತು ಬೇಕು. ಊರಿನವರಿಗೆ ಹೊಟ್ಟೆಗೆ ಬೇಕು. ಮೂಲೆಯಲ್ಲಿ ಉಳಿದಿದ್ದ ಅಲಗು, ಹಿಡಿ, ಒರೆಗಳನ್ನು ಒಂದಕ್ಕೊಂದು ಕೂಡಿಸಿ ಬಾಕುಗಳಾದುವು. ಇವು ಅಸಲೋ ನಕಲೋ? ಭಾಗಗಳೆಲ್ಲ ಅಸಲು, ಬಾಕು ಮಾತ್ರ ಯಾರ ಸೊಂಟವನ್ನೂ ಕಾಣದುದು. ಮುಂದೆ ಉಳಿಕೆಯ ಭಾಗಗಳು ಮುಗಿದು ಬೇಡಿಕೆ ಮಾತ್ರ ಬೆಳೆಯಿತು. ಆಗ ಎಲ್ಲವನ್ನೂ ಹೊಸದಾಗಿಯೇ ಮಾಡಿ ಹಳೆಯದೆಂದು ಮಾರುವವರು ಬಂದರು. ಅವರು ಸರಕಿಗಿಂತ ಹೆಚ್ಚಾಗಿ ಮಾರುವುದು ಕಥೆಯನ್ನು: ಇದು ಇಂಥ ಸೇನಾಪತಿಯದು, ಇಂಥ ಕೋಟೆಯಲ್ಲಿ ಸಿಕ್ಕಿತು ಎಂದು. ಕಥೆಗೆ ಬೆಲೆ ಕಟ್ಟಬೇಡ, ಕತ್ತಿಗೆ ಕಟ್ಟು ಎಂಬುದು ಅನುಭವಿ ಸಂಗ್ರಾಹಕರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ.

ಸಾಣೆಗೆ ಹೋದ ಹೆಸರು

ಇಷ್ಟನ್ನೂ ಬಲ್ಲವನು ಬಾಕನ್ನು ಗುರುತಿಸಬಲ್ಲನು. ಆದರೆ ಅದರ ಬೆಲೆ ನಿಲ್ಲುವುದು ಯಾವುದರ ಮೇಲೆ? ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಎಸ್.ಎ. ದಳದ ಮುಖ್ಯನಾಗಿದ್ದವನು ಅರ್ನ್ಸ್ಟ್ ರ್ಯೋಮ್. ಅವನು 1934ರಲ್ಲಿ ಹಳೆಯ ಸದಸ್ಯರಿಗೆ, ಎಂದರೆ 1931ರ ಕೊನೆಯೊಳಗೆ ದಳವನ್ನು ಸೇರಿದ್ದವರಿಗೆ, ವಿಶೇಷವಾದ ಬಾಕುಗಳನ್ನು ಕೊಡಿಸಿದನು. ಅವುಗಳ ಅಲಗಿನ ಹಿಂಬದಿಯಲ್ಲಿ ‘ಹೃತ್ಪೂರ್ವಕವಾದ ಸ್ನೇಹದಿಂದ, ಅರ್ನ್ಸ್ಟ್ ರ್ಯೋಮ್’ ಎಂಬರ್ಥದ ಬರಹ ಅವನ ಸ್ವಂತ ಕೈಬರಹದ ಮಾದರಿಯಲ್ಲಿಯೇ ಇದ್ದಿತು. ಇಂಥ ಬಾಕುಗಳು ಒಂದು ಲಕ್ಷಕ್ಕೂ ಮಿಗಿಲಾಗಿ ಹಂಚಿಕೆಯಾದುವು. ಅದೇ ವರ್ಷ ಜೂನ್ 30ರಂದು ಹಿಟ್ಲರನು ಈ ಸ್ನೇಹಿತನನ್ನು ಹಿಡಿಸಿದನು. ಮರುದಿನ ಮ್ಯೂನಿಕ್‌ನ ಸೆರೆಮನೆಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ‘ಉದ್ದ ಚೂರಿಗಳ ರಾತ್ರಿ’ ಎಂದು ಇತಿಹಾಸದಲ್ಲಿ ಹೆಸರಾದ ಘಟನೆ ಇದೇ. ಬಳಿಕ ಅಲಗುಗಳ ಮೇಲಿನ ಆ ಹೆಸರನ್ನು ಅಳಿಸಬೇಕೆಂಬ ಆಜ್ಞೆ ಹೊರಟಿತು. ಲಕ್ಷ ಅಲಗುಗಳು ಸಾಣೆಗೆ ಹೋದುವು. ಕೆಲವರು ಇಡೀ ಬರಹವನ್ನೇ ಉಜ್ಜಿಹಾಕಿಸಿದರು. ಕೆಲವರು ಹೆಸರನ್ನು ಮಾತ್ರ ತೆಗೆಸಿದರು. ಆ ಅಲಗುಗಳಲ್ಲಿ ‘ಹೃತ್ಪೂರ್ವಕವಾದ ಸ್ನೇಹದಿಂದ’ ಎಂಬ ಮಾತು ಉಳಿದು, ಸ್ನೇಹ ಯಾರದೆಂಬುದು ಅಳಿದುಹೋಯಿತು. ಎಲ್ಲಿಯೋ ಕೆಲವರು ಮಾತ್ರ ಆಜ್ಞೆಯನ್ನು ಲೆಕ್ಕಿಸದೆ, ಇಲ್ಲವೆ ಮರೆತು, ಬರಹವನ್ನು ಹಾಗೆಯೇ ಉಳಿಸಿಕೊಂಡರು.

ಇಂದಿನ ಮಾರುಕಟ್ಟೆಯಲ್ಲಿ ಸಾಧಾರಣವಾದ ಎಸ್.ಎ. ಬಾಕಿಗೆ ಕೆಲವು ನೂರು ಡಾಲರುಗಳಾದರೆ, ರ್ಯೋಮನ ಬರಹ ಪೂರ್ತಿಯಾಗಿ ಉಳಿದ ಬಾಕಿಗೆ ಸಾವಿರಗಳ ಲೆಕ್ಕ. ಆದುದರಿಂದಲೇ ಅಳಿದ ಬರಹವನ್ನು ಮತ್ತೆ ಕೊರೆಯುವ ನಕಲುಗಾರರೂ ಇದ್ದಾರೆ. ಸಾಣೆ ಹಿಡಿದ ಕಡೆ ಅಲಗು ತುಸು ತೆಳುವಾಗಿರುತ್ತದೆ. ಆ ತಗ್ಗಿನಲ್ಲಿ ಬರಹ ಕುಳಿತಿದ್ದರೆ ಅದು ಹೊಸದೆಂದು ತಿಳಿಯಬೇಕು. ಉಳಿದ ಬರಹ ವಿರಳ, ವಿರಳವಾದುದಕ್ಕೆ ಬೆಲೆ. ಮಾರುಕಟ್ಟೆಯ ಈ ನ್ಯಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇತಿಹಾಸವನ್ನು ಓದುವವನಿಗೆ ಹೆಚ್ಚು ಹೇಳುವುದು ಯಾವುದು? ನನ್ನ ಮಟ್ಟಿಗೆ ಉಜ್ಜಿಹಾಕಿದ ಅಲಗು. ನಮ್ಮ ಶಾಸನಗಳಲ್ಲಿಯೂ ಬೇಡವಾದ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದುದುಂಟು. ಆ ಕುಳಿಯ ಮುಂದೆ ನಿಂತಾಗ ಓದಲಾಗುವ ಸಾಲುಗಳಿಗಿಂತ ಓದಲಾಗದ ಸಾಲೇ ಮನಸ್ಸನ್ನು ಹಿಡಿಯುತ್ತದೆ. ನಿನ್ನೆ ಪೂಜ್ಯವಾಗಿದ್ದ ಹೆಸರು ಇಂದು ಇರಕೂಡದೆಂದಾಗ ಲಕ್ಷ ಜನ, ಏಕೆಂದು ಕೇಳದೆ, ತಮ್ಮ ತಮ್ಮ ಬಾಕುಗಳನ್ನು ಸಾಣೆಯವನಿಗೆ ಒಪ್ಪಿಸಿದರು. ಆ ಆಳ್ವಿಕೆ ಯಾವ ಬಗೆಯದೆಂಬುದಕ್ಕೆ ಇದಕ್ಕಿಂತ ಚಿಕ್ಕದಾದ, ಖಚಿತವಾದ ಸಾಕ್ಷಿ ಬೇರೆ ಬೇಕಿಲ್ಲ.

ಎರಡನೆಯ ನಿದರ್ಶನ ಒಂದು ತಕ್ಕಡಿಯದು. ಕೆಲವು ಬಾಕುಗಳ ಅಲಗಿನ ಮೇಲೆ ‘ಅಲ್ಕೋಸೋ’ ಎಂಬ ಅಕ್ಷರಗಳೂ ತಕ್ಕಡಿಯ ಚಿತ್ರವೂ ಇರುತ್ತವೆ. ಅಲೆಕ್ಸಾಂಡರ್, ಕೊಪ್ಪೆಲ್, ಸೋಲಿಂಗೆನ್ ಎಂಬ ಮೂರು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದ ಮುದ್ರೆ ಅದು. ಕೊಪ್ಪೆಲ್ ಮನೆತನದವರು ಯೆಹೂದ್ಯರು. ಹತ್ತೊಂಬತ್ತನೆಯ ಶತಮಾನದಿಂದ ಆ ಊರಿನಲ್ಲಿ ಕತ್ತಿಗಳ ಉದ್ಯಮ ನಡೆಸಿ, ಊರಿಗೆ ದಾನಧರ್ಮಗಳನ್ನು ಮಾಡಿ ಮಾನ್ಯರಾಗಿದ್ದವರು. ಅವರ ಹೆಸರಿನ ಉದ್ಯಾನ ಇಂದಿಗೂ ಅಲ್ಲಿದೆ. ನಾಜಿಗಳ ಆಳ್ವಿಕೆಯಲ್ಲಿ, 1930ರ ದಶಕದಲ್ಲಿ, ಉದ್ಯಮ ಅವರ ಕೈತಪ್ಪಿತು. ಯೆಹೂದ್ಯರಲ್ಲದವರ ವಶಕ್ಕೆ ಹೋಯಿತು. ಆದರೆ ಪೇಟೆಯಲ್ಲಿ ಹೆಸರಾದ ಮುದ್ರೆಯನ್ನು ಹೊಸಬರು ಬಿಡಲಿಲ್ಲ. ಸ್ವಸ್ತಿಕ ಹಿಡಿದ ಹದ್ದಿನ ಕೆಳಗೆ, ಅದೇ ಬಾಕಿನ ಅಲಗಿನ ಮೇಲೆ, ಯೆಹೂದ್ಯ ಮನೆತನದ ತಕ್ಕಡಿ ಉಳಿದುಬಂದಿತು. ಆ ಮನೆತನದ ಡಾ. ಅಲೆಕ್ಸಾಂಡರ್ ಕೊಪ್ಪೆಲ್ ಅವರನ್ನು 1942ರಲ್ಲಿ, ಮುಪ್ಪಿನಲ್ಲಿ, ಥೆರೇಸಿಯೆನ್‌ಸ್ಟಾಟಿನ ಶಿಬಿರಕ್ಕೆ ಸಾಗಿಸಿದರು. ಅದೇ ವರ್ಷ ಅವರು ಅಲ್ಲಿ ತೀರಿಕೊಂಡರು. ಹರಾಜಿನ ಪಟ್ಟಿಯಲ್ಲಿ ಈ ಮುದ್ರೆಯ ವಿಷಯವಾಗಿ ಬರೆಯುವುದು ಒಂದೇ ಮಾತು: ಮುದ್ರೆ ಸ್ಪಷ್ಟವಾಗಿದೆ ಎಂದು. ಮುದ್ರೆ ಸ್ಪಷ್ಟವಾಗಿಯೇ ಇದೆ, ಓದುವವರು ಬೇಕು.

ಆಯುಧಪೂಜೆಯ ಬಾಕು

ಈ ಬಾಕುಗಳಲ್ಲಿ ಒಂದು ನಮ್ಮ ನಾಡಿಗೂ ಬಂದುದನ್ನು ನಾನು ಬಲ್ಲೆ. ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರವಿದ್ದ ಮದ್ರಾಸ್ ಸ್ಯಾಪರ್ಸಿನ ತುಕಡಿಗಳು ಎರಡನೆಯ ಮಹಾಯುದ್ಧದಲ್ಲಿ ಇಟಲಿಯವರೆಗೂ ಹೋಗಿದ್ದುವು; 1944ರ ಕ್ಯಾಸಿನೋ ಕದನದಲ್ಲಿಯೂ ಅವರಿದ್ದರು. ಹಾಗೆ ಇಟಲಿಗೆ ಹೋಗಿ ಬಂದವರೊಬ್ಬರ ಮೊಮ್ಮಗ ನನ್ನ ವಿದ್ಯಾರ್ಥಿಯಾಗಿದ್ದನು. ಕೆಲವು ವರ್ಷಗಳ ಹಿಂದೆ ಅವನು ಬಂದು, “ಸಾರ್, ನಮ್ಮ ತಾತ ಒಬ್ಬ ಜರ್ಮನ್ ಜನರಲ್‌ನಿಂದ ಕಿತ್ತುಕೊಂಡು ಬಂದ ಬಾಕು ಮನೆಯಲ್ಲಿದೆ. ಹೊರದೇಶದಲ್ಲಿ ಇದಕ್ಕೆ ಲಕ್ಷಗಟ್ಟಲೆ ಬೆಲೆಯಂತೆ. ತಾವು ಒಮ್ಮೆ ನೋಡಬೇಕು” ಎಂದನು. ನಾನು ಹೋದೆನು.

ಹಾಸನದ ಕಡೆಯ ಹಳೆಯ ಮನೆ. ಬಾಕು ಇದ್ದುದು ದೇವರ ಮನೆಯಲ್ಲಿ. ಪ್ರತಿ ವರ್ಷ ಆಯುಧಪೂಜೆಯ ದಿನ ಮನೆಯ ಕುಡುಗೋಲು, ಮಚ್ಚುಗಳ ಜೊತೆಗೆ ಅದನ್ನೂ ಹುಣಿಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಅರಿಸಿನ ಕುಂಕುಮವಿಟ್ಟು ಹೂವೇರಿಸುತ್ತಿದ್ದರಂತೆ. ಹದ್ದಿನ ಕಾಲಿನಲ್ಲಿದ್ದ ಸ್ವಸ್ತಿಕವನ್ನು ಮನೆಯ ಹಿರಿಯಾಕೆ, ಆ ಸೈನಿಕರ ಪತ್ನಿ, ನಮ್ಮ ಬಾಗಿಲುಗಳ ಮೇಲೆ ಬರೆಯುವ ಸ್ವಸ್ತಿಕವೆಂದೇ ಬಗೆದಿದ್ದರು. ಹಾಗೆ ಬಗೆದುದು ಸಹಜ. ‘ಸ್ವಸ್ತಿ ಶ್ರೀ’ ಎಂದು ಶಾಸನಗಳನ್ನು ಮೊದಲಿಡುವ ನಾಡಿನವರು ನಾವು. ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಅದನ್ನು ಬರೆಯುವವರು. ಆ ಗುರುತಿನ ಕೆಳಗೆ ಲಕ್ಷೋಪಲಕ್ಷ ಜನರನ್ನು ಕೊಂದರೆಂಬುದು ಆ ದೇವರ ಮನೆಗೆ ತಲುಪಿರಲಿಲ್ಲ.

ಬಾಕನ್ನು ಬೆಳಕಿಗೆ ತಂದು ನೋಡಿದೆನು. ಭೂಸೇನೆಯದು, ಅಳಿಲಿನ ಮುದ್ರೆ, ಸತುವಿನ ಅಡ್ಡಪಟ್ಟಿ, ಆದುದರಿಂದ ಕಡೆಯ ಕಾಲದ ತಯಾರಿಕೆ. ಹಿಡಿಯ ಸೆಲ್ಯುಲಾಯ್ಡ್ ಒಂದು ಕಡೆ ಬಿರಿದಿತ್ತು. ಸತುವಿಗೆ ಹುಳಿ ಆಗದು. ವರ್ಷವರ್ಷದ ಹುಣಿಸೆಹಣ್ಣಿಗೆ ಮೇಲಿನ ನಿಕ್ಕಲ್ ಪೂರ್ತಿ ಹೋಗಿ ಹದ್ದಿನ ಗರಿಗಳು ಸವೆದಿದ್ದುವು. ಅಸಲೆಂಬುದರಲ್ಲಿ ಸಂಶಯವಿರಲಿಲ್ಲ, ಆದರೆ ಜನರಲ್‌ನದೆಂದು ಹೇಳಲು ಅದರಲ್ಲಿ ಯಾವ ಗುರುತೂ ಇರಲಿಲ್ಲ. ಸಾವಿರಾರು ಅಧಿಕಾರಿಗಳು ಅಂಗಡಿಯಲ್ಲಿ ಕೊಂಡಂಥದೇ ಒಂದು ಬಾಕು. ಇರುವುದನ್ನು ಇದ್ದಂತೆ ಹೇಳಿದೆನು. ಹುಡುಗನ ಮುಖ ಬಾಡಿತು; ಸ್ವಸ್ತಿಕದ ವಿಷಯ ಕೇಳಿದ ಅಜ್ಜಿಯ ಮುಖ ಅದಕ್ಕಿಂತಲೂ ಬಾಡಿತು. “ಮೇಷ್ಟ್ರೇ, ಹಾಗಾದರೆ ಇಷ್ಟು ವರ್ಷ ನಾನು ಪೂಜೆ ಮಾಡಿದ್ದು ಯಾರದಕ್ಕೆ?” ಎಂದು ಕೇಳಿದರು. ನನಗೆ ಥಟ್ಟನೆ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮೊಮ್ಮಗನ ಕಡೆ ತಿರುಗಿ, “ದೇವರ ಮನೆಯಿಂದ ಆಚೆಗೆ ತೆಗೆದಿಡಪ್ಪ. ಅವರ ಮಿಲಿಟರಿ ಕಾಗದಗಳು ಪೆಟ್ಟಿಗೆಯಲ್ಲಿವೆಯಲ್ಲ, ಅದರ ಜೊತೆ ಇರಲಿ. ಮಾರುವುದು ಮಾತ್ರ ಬೇಡ” ಎಂದರು.

ಆ ಹಿರಿಯಾಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ವಸ್ತುಸಂಗ್ರಹಾಲಯದ ಅಧಿಕಾರಿಯೊಬ್ಬನು ಮಾಡತಕ್ಕದ್ದೂ ಅದನ್ನೇ: ಪೂಜೆಯ ಸ್ಥಾನದಿಂದ ತೆಗೆದು ದಾಖಲೆಯ ಸ್ಥಾನದಲ್ಲಿರಿಸುವುದು. ಸಂಗ್ರಾಹಕನಿಗೆ ಆ ಬಾಕು ಕೆಟ್ಟುಹೋದ ಸರಕು. ನನಗಾದರೋ ಗರಿಗಳ ಸಂದಿನಲ್ಲಿ ಉಳಿದಿದ್ದ ಕುಂಕುಮ ಅದರ ಚರಿತ್ರೆಯ ಎರಡನೆಯ ಅಧ್ಯಾಯ. ಸೋಲಿಂಗೆನ್ನಿನಿಂದ ಹೊರಟದ್ದು ಇಟಲಿಯ ಮೂಲಕ ಹಾಸನಕ್ಕೆ ಬಂದುದಕ್ಕೆ ಅದೇ ರುಜು.

ಬೆಲೆ, ಮೌಲ್ಯ

ಇಂಥ ವಸ್ತುಗಳ ಮಾರಾಟವೇ ಕೂಡದೆಂಬ ಅಭಿಪ್ರಾಯವೂ ಬಲವಾಗಿದೆ. ಜರ್ಮನಿಯ ದಂಡಸಂಹಿತೆಯ 86ಎ ವಿಧಿಯಂತೆ ನಾಜಿ ಚಿಹ್ನೆಗಳ ಪ್ರದರ್ಶನ ಅಪರಾಧ. ಸಂಶೋಧನೆ, ಬೋಧನೆ, ಕಲೆ ಮೊದಲಾದವುಗಳಿಗೆ ವಿನಾಯಿತಿ. ಅಲ್ಲಿಯ ಹರಾಜಿನ ಪಟ್ಟಿಗಳಲ್ಲಿ ಸ್ವಸ್ತಿಕವನ್ನು ಮರೆಮಾಡಿ ಚಿತ್ರ ಅಚ್ಚುಹಾಕುವುದನ್ನು ಕಾಣಬಹುದು. ಪ್ಯಾರಿಸಿನ ನ್ಯಾಯಾಲಯವೊಂದು 2000ದಲ್ಲಿ, ಯಾಹೂ ಸಂಸ್ಥೆಯ ಹರಾಜುಕಟ್ಟೆಯಲ್ಲಿ ಇಂಥ ವಸ್ತುಗಳು ಫ್ರಾನ್ಸಿನವರಿಗೆ ಸಿಗದಂತೆ ತಡೆಯಬೇಕೆಂದು ಆಜ್ಞೆಮಾಡಿತು. ಆಸ್ಟ್ರೇಲಿಯದಲ್ಲಿ 2024ರ ಜನವರಿಯಿಂದ ನಾಜಿ ಚಿಹ್ನೆಗಳ ವ್ಯಾಪಾರವನ್ನು ಕಾನೂನು ನಿಷೇಧಿಸಿದೆ.

ಇದು ಸತ್ತುಹೋದ ಕಾಲದ ಮಾತಲ್ಲ. ಎಸ್.ಎ. ಬಾಕಿನ ಅಲಗಿನ ಮೇಲಿನ ಮೂರು ಪದಗಳನ್ನು ಮೇಲೆ ಹೇಳಿದೆನಷ್ಟೆ. ಅವೇ ಪದಗಳನ್ನು 2021ರಲ್ಲಿ ಚುನಾವಣೆಯ ಭಾಷಣವೊಂದರಲ್ಲಿ ಆಡಿದುದಕ್ಕಾಗಿ ತುರಿಂಗಿಯಾ ಪ್ರಾಂತದ ರಾಜಕಾರಣಿ ಬ್ಯೋರ್ನ್ ಹ್ಯೋಕೆ ಎಂಬವರಿಗೆ ಹಾಲೆ ನಗರದ ನ್ಯಾಯಾಲಯ 2024ರ ಮೇ ತಿಂಗಳಲ್ಲಿ 13,000 ಯೂರೋ ದಂಡ ವಿಧಿಸಿತು. ಆ ಮಾತಿಗೆ ಇಂಥ ಹಿನ್ನೆಲೆಯಿರುವುದು ತಮಗೆ ತಿಳಿದಿರಲಿಲ್ಲವೆಂದು ಅವರು ವಾದಿಸಿದರು. ರಾಜಕೀಯಕ್ಕೆ ಬರುವ ಮೊದಲು ಅವರು ಶಾಲೆಯಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದವರು. ಹಾಸನದ ಅಜ್ಜಿ ತಮಗೆ ತಿಳಿಯದೆಂದರೆ ನಂಬುವುದು ಸುಲಭ. ನ್ಯಾಯಾಲಯ ಈ ಅಧ್ಯಾಪಕರನ್ನು ನಂಬಲಿಲ್ಲ. ನಮ್ಮಲ್ಲಿ ಅಧ್ಯಾಪಕ ವೃತ್ತಿಯಲ್ಲಿರುವವರು ಈ ಎರಡು ಅಜ್ಞಾನಗಳ ನಡುವಿನ ವ್ಯತ್ಯಾಸವನ್ನು ಒಮ್ಮೆ ಯೋಚಿಸುವುದು ಒಳ್ಳೆಯದು.

ನಿಷೇಧಿಸಬೇಕೆ, ಬೇಡವೆ ಎಂಬುದು ಆಯಾ ದೇಶದವರು ತೀರ್ಮಾನಿಸತಕ್ಕ ವಿಷಯ. ನನಗೆ ತೋರುವುದಿಷ್ಟು: ಅರಿಯದೆ ಇಟ್ಟುಕೊಂಡ ಬಾಕು ವಿಗ್ರಹವಾಗುತ್ತದೆ, ಹಣಕ್ಕಾಗಿ ಮಾತ್ರ ಅರಿತುಕೊಂಡ ಬಾಕು ಸರಕಾಗುತ್ತದೆ, ಸರಿಯಾಗಿ ಓದಿದ ಬಾಕು ಸಾಕ್ಷಿಯಾಗುತ್ತದೆ. ಸಂಗ್ರಾಹಕರು ಬೆಳೆಸಿದ ವಿದ್ಯೆಯನ್ನು ನಾನು ಹಳಿಯಲಾರೆನು. ಮುದ್ರೆ, ಲೋಹ, ಎರಕ, ಸಾಣೆಗಳ ವಿಷಯದಲ್ಲಿ ಅವರು ಪಟ್ಟ ಶ್ರಮವಿಲ್ಲದಿದ್ದರೆ ಅಸಲನ್ನು ನಕಲಿನಿಂದ ಬೇರ್ಪಡಿಸುವವರೇ ಇರುತ್ತಿರಲಿಲ್ಲ. ಸುಳ್ಳು ಸಾಕ್ಷಿಯನ್ನು ಹೊರಗಟ್ಟದೆ ನ್ಯಾಯ ನಡೆಯುವುದಿಲ್ಲ. ಆ ವಿದ್ಯೆ ಬೆಲೆಯ ಹತ್ತಿರ ನಿಂತುಬಿಡಬಾರದು ಎಂಬುದಷ್ಟೇ ನನ್ನ ಬಿನ್ನಹ.

ಯಾರ ಮನೆಯಲ್ಲಿಯಾದರೂ ಇಂಥ ವಸ್ತು ಇದ್ದರೆ ಅದನ್ನು ತಿಕ್ಕಿ ತೊಳೆಯಬೇಡಿ. ಚಿಹ್ನೆಯನ್ನು ನೋಡಿ ನಾಚಿ ಕೆತ್ತಿಹಾಕಲೂ ಬೇಡಿ. ಅದನ್ನು ಯಾರು ತಂದರು, ಎಲ್ಲಿಂದ, ಯಾವಾಗ ಎಂಬುದನ್ನು ತಿಳಿದಷ್ಟು ಮಟ್ಟಿಗೆ ಒಂದು ಕಾಗದದಲ್ಲಿ ಬರೆದು ಅದರ ಜೊತೆಗಿಡಿ. ಕೇಳಿದ ಕಥೆಯನ್ನು ಕೇಳಿದ ಕಥೆಯೆಂದೇ ಬರೆಯಿರಿ. ಅಲಗಿನ ಮೇಲಿನ ಮುದ್ರೆಯನ್ನು ಮಕ್ಕಳಿಗೆ ತೋರಿಸಿ, ಅಳಿಲೋ ಕೊಕ್ಕರೆಯೋ ತಕ್ಕಡಿಯೋ ಎಂದು ಕೇಳಿ. ತಕ್ಕಡಿಯಾದರೆ ಅದರ ಒಡೆಯರಿಗೆ ಏನಾಯಿತೆಂಬುದನ್ನೂ ಹೇಳಿ. ಸೋಲಿಂಗೆನ್ನಿನ ಗ್ರೇಫ್ರಾಟ್ ಎಂಬ ಭಾಗದಲ್ಲಿ, ಹಿಂದೆ ಸಂನ್ಯಾಸಿನಿಯರ ಮಠವಾಗಿದ್ದ ಕಟ್ಟಡದಲ್ಲಿ, ಇಂದು ಅಲಗುಗಳ ವಸ್ತುಸಂಗ್ರಹಾಲಯವಿದೆ. ಅಡಿಗೆಮನೆಯ ಚಾಕುವಿನಿಂದ ಮೊದಲಾಗಿ ರಾಜರ ಖಡ್ಗಗಳವರೆಗೆ ಅಲ್ಲಿ ಶತಮಾನಗಳ ಕೈಗೆಲಸವನ್ನು ಕಾಣಬಹುದು. ಅಷ್ಟು ಶತಮಾನಗಳಲ್ಲಿ ಈ ಬಾಕುಗಳದು ಹನ್ನೆರಡೇ ವರ್ಷ. ಆದರೆ ಆ ಹನ್ನೆರಡು ವರ್ಷಗಳನ್ನು ಬಿಟ್ಟು ಉಳಿದುದನ್ನು ಮಾತ್ರ ಓದಿಕೊಳ್ಳುವ ಸ್ವಾತಂತ್ರ್ಯ ಆ ಊರಿಗೂ ಇಲ್ಲ, ನಮಗೂ ಇಲ್ಲ.